ತುಂಗೆ-ಭದ್ರೆಯ ದಡದ ಹಟಮಾರಿಗಳು

ಬೆಳಗಿನ ಆರು ಗಂಟೆಯ ಶಿವಮೊಗ್ಗೆ ಹಗಲಿನ ಶಿವಮೊಗ್ಗೆಯಲ್ಲ. ಗಾಂಧಿಬಜಾರಿನ ಅಂಗಡಿಗಳ ಬಾಗಿಲು ಇನ್ನೂ ತೆರೆದಿರುವುದಿಲ್ಲ. ದುರ್ಗಿಗುಡಿಯ ರಸ್ತೆಯಲ್ಲಿ ಹಾಲಿನವರ, ಪತ್ರಿಕೆ ಹಂಚುವ ಹುಡುಗರ ಓಡಾಟವನ್ನು ಬಿಟ್ಟರೆ ಬೇರೆ ಸದ್ದಿಲ್ಲ. ಆದರೆ ಒಂದು ಕಾಲಕ್ಕೆ ಸೆರೆಮನೆಯ ಆವರಣವಾಗಿದ್ದು ಈಗ ಅಲ್ಲಮಪ್ರಭುವಿನ ಹೆಸರು ಹೊತ್ತಿರುವ ಫ್ರೀಡಂ ಪಾರ್ಕಿಗೆ ಕಾಲಿಟ್ಟರೆ, ಊರು ಅಲ್ಲಿ ಆಗಲೇ ಎಚ್ಚೆತ್ತಿರುವುದು ಕಾಣುತ್ತದೆ. ಮಫ್ಲರ್ ಸುತ್ತಿಕೊಂಡ ನಿವೃತ್ತರು, ಬಿರಬಿರನೆ ನಡೆಯುವ ಗೃಹಿಣಿಯರು, ಅವರ ನಡುವೆ ನಾಯಿಗಳು. ಯಾರು ಯಾರನ್ನು ನಡೆಸಿಕೊಂಡು ಹೋಗುತ್ತಿದ್ದಾರೆಂದು ಹೇಳುವುದು ಮಾತ್ರ ಸುಲಭವಲ್ಲ.

ಇಳಿಬಿದ್ದ ಕಿವಿಯ ಬೀಗಲ್ ಒಂದು ನೆಲಕ್ಕೆ ಮೂಗು ಹಚ್ಚಿ ಯಜಮಾನರನ್ನು ಬೇಲಿಯ ಕಡೆಗೆ ಎಳೆಯುತ್ತಿರುತ್ತದೆ. ಗಿಡ್ಡ ಕಾಲಿನ ಡ್ಯಾಶ್‌ಹೌಂಡ್ ನಡುದಾರಿಯಲ್ಲಿ ಕುಳಿತು ಏಳಲಾರೆನೆನ್ನುತ್ತದೆ. ಸೈಬೀರಿಯದ ಹಿಮಕ್ಕೆಂದು ಹುಟ್ಟಿದ ಹಸ್ಕಿ ಮಲೆನಾಡಿನ ಸೆಕೆಯಲ್ಲಿ ನಾಲಿಗೆ ಚಾಚಿ ನಿಂತಿರುತ್ತದೆ. 2003ರ ಹಚ್ ಜಾಹೀರಾತಿನಿಂದ ಮನೆಮನೆಯ ಹೆಸರಾದ ಪಗ್ ಏದುಸಿರು ಬಿಡುತ್ತಿರುತ್ತದೆ. "ಇದಕ್ಕೆ ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ ಮಾರಾಯರೆ" ಎಂಬ ಮಾತು ದಿನಕ್ಕೊಮ್ಮೆಯಾದರೂ ಈ ಮೈದಾನದಲ್ಲಿ ಕೇಳಿಬರುತ್ತದೆ.

ತಲೆಗೆ ಹೋಗದಿರುವುದಕ್ಕೆ ಅರ್ಧ ಕಾರಣವನ್ನು ಮನೆಯೊಳಗೇ ಹುಡುಕಬೇಕು. ಅಜ್ಜ "ಕೂರು" ಎನ್ನುತ್ತಾರೆ. ಅಮ್ಮ "ಕೂತ್ಕೊ" ಎನ್ನುತ್ತಾಳೆ. ಇಂಗ್ಲಿಷ್ ಶಾಲೆಗೆ ಹೋಗುವ ಮಗ "ಸಿಟ್, ಸಿಟ್, ಸಿಟ್" ಎಂದು ಒಂದೇ ಉಸಿರಿನಲ್ಲಿ ಮೂರು ಸಲ ಕೂಗುತ್ತಾನೆ. ಮೂರನೆಯ ಕೂಗಿಗೆ ಕುಳಿತರೂ ಸಾಕೆಂದು ನಾಯಿ ಕಲಿತುಕೊಳ್ಳುತ್ತದೆ. ಅದು ದಡ್ಡತನವಲ್ಲ, ಲೆಕ್ಕಾಚಾರ! ಭಾಷೆ ಯಾವುದಾದರೂ ಆಗಲಿ, ಮನೆಯವರೆಲ್ಲರೂ ಒಂದೇ ಮಾತನ್ನು ಒಂದೇ ಸಲ ಹೇಳುವುದೆಂದು ನಿಶ್ಚಯಿಸಿದರೆ ಎಷ್ಟೋ ಹಟ ಅಲ್ಲಿಯೇ ಕರಗುತ್ತದೆ.

ಉಳಿದರ್ಧ ಕಾರಣ ತಳಿಯ ಚರಿತ್ರೆಯಲ್ಲಿದೆ. ಕೆನಡದ ಮನೋವಿಜ್ಞಾನಿ ಸ್ಟ್ಯಾನ್ಲಿ ಕೋರೆನ್ 1994ರಲ್ಲಿ ನಾಯಿಗಳ ಬುದ್ಧಿಯನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದರು. ವಿಧೇಯತಾ ಸ್ಪರ್ಧೆಗಳ ಸುಮಾರು 200 ತೀರ್ಪುಗಾರರನ್ನು ವಿಚಾರಿಸಿ, ಅವರ ಅಭಿಪ್ರಾಯದ ಆಧಾರದಿಂದ ತಳಿಗಳಿಗೆ ಶ್ರೇಣಿ ಕೊಟ್ಟರು. ಮೊದಲ ಸ್ಥಾನ ಬಾರ್ಡರ್ ಕೋಲಿಯದು. ಆ ವರ್ಗದ ನಾಯಿಗಳು ಹೊಸ ಆಜ್ಞೆಯೊಂದನ್ನು ಐದಕ್ಕಿಂತ ಕಡಮೆ ಸಲದ ಅಭ್ಯಾಸದಲ್ಲಿ ಕಲಿಯುತ್ತವೆ. ತೀರ ಕೆಳಗಿನ ವರ್ಗಕ್ಕೆ 80ರಿಂದ 100 ಸಲ ಹೇಳಬೇಕು. ಹೇಳಿದ ಮೇಲೂ ಮೊದಲ ಮಾತಿಗೆ ಓಗೊಡುವುದು ನಾಲ್ಕರಲ್ಲಿ ಒಂದು ಸಲ. ಕಟ್ಟಕಡೆಯ ಸ್ಥಾನ ಅಫ್ಘನ್ ಹೌಂಡಿನದು. ಬೀಗಲ್ ಕೊನೆಯ ಹತ್ತರಲ್ಲಿದೆ. ಗಂಟೆಗಟ್ಟಲೆ ಹಳೆಯದಾದ ಜಾಡನ್ನು ಹಿಡಿದು ಮನುಷ್ಯನನ್ನು ಪತ್ತೆಮಾಡಬಲ್ಲ ಬ್ಲಡ್‌ಹೌಂಡ್ ಕೂಡ ಅದೇ ಹತ್ತರಲ್ಲಿದೆ! ಪಟ್ಟಿಯ ಮಿತಿ ಇಲ್ಲಿಯೇ ಬಯಲಾಗುತ್ತದೆ. ಅದು ಅಳೆದದ್ದು ಹೇಳಿದ ಮಾತು ಕೇಳುವ ಗುಣವನ್ನೇ ಹೊರತು ಬುದ್ಧಿಯನ್ನೆಲ್ಲ ಅಲ್ಲ. ಕೋರೆನ್ನರೂ ಅದನ್ನು ಬುದ್ಧಿಯ ಒಂದು ಮುಖವೆಂದಷ್ಟೇ ಕರೆದರು. ಪಟ್ಟಿ ಮಾತ್ರ ಲೋಕದಲ್ಲೆಲ್ಲ ಹರಡಿತು. ಆ ವಿವರಣೆ ಪುಸ್ತಕದಲ್ಲಿಯೇ ಉಳಿಯಿತು.

ಕುರಿ ಕಾಯುವ ಕೋಲಿಗೆ ಕುರುಬನ ಸಿಳ್ಳೆಯೇ ಉಸಿರು. ಅದು ಕ್ಷಣಕ್ಷಣಕ್ಕೂ ಒಡೆಯನ ಮುಖ ನೋಡುತ್ತದೆ. ನೆಲದೊಳಗಿನ ಬಿಲಕ್ಕೆ ಒಂಟಿಯಾಗಿ ನುಗ್ಗಲೆಂದು ಜರ್ಮನರು ಬೆಳೆಸಿದ ಡ್ಯಾಶ್‌ಹೌಂಡ್ ಆ ಕತ್ತಲೆಯಲ್ಲಿ ಯಾರ ಮುಖ ನೋಡಬೇಕು? ತೆಳುವಾದ ಹಿಮದ ಮೇಲೆ ಬಂಡಿ ಎಳೆಯುವ ಮುಂದಾಳು ಹಸ್ಕಿ, "ಮುಂದೆ ನಡೆ" ಎಂಬ ಆಜ್ಞೆಯನ್ನು ಮೀರಿ ನಿಂತರೇ ಎಲ್ಲರ ಪ್ರಾಣ ಉಳಿಯುವುದು. ಮಾತು ಕೇಳದಿರುವುದನ್ನೇ ತಲೆಮಾರುಗಳ ಕಾಲ ಕಲಿಸಿ, ಈಗ ವಿನೋಬನಗರದ ಮನೆಯೊಂದರಲ್ಲಿ ಅದಕ್ಕೇ ಗದರಿದರೆ ನಾಯಿಗೆ ದಿಗ್ಭ್ರಮೆಯಾಗುವುದು ಸಹಜ.

ಕನ್ನಡನಾಡಿಗೆ ಈ ತಿಳಿವಳಿಕೆ ಹೊಸದಲ್ಲ. ಕೋಟೆಯ ಬಳಿ, ತುಂಗೆಯ ದಡದಲ್ಲಿರುವ ಶಿವಪ್ಪನಾಯಕನ ಅರಮನೆಯ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿರುವ ವೀರಗಲ್ಲುಗಳನ್ನು ನೋಡುವವರಿಗೆ, ಮಂಡ್ಯ ಸೀಮೆಯ ಆತಕೂರಿನ ಕಲ್ಲು ನೆನಪಾಗದಿರದು. ಹತ್ತನೆಯ ಶತಮಾನದ ಆ ಶಾಸನ ಗಂಗರ ಬೂತುಗನು ಮಣಲೆರನಿಗೆ ಕೊಟ್ಟ 'ಕಾಳಿ' ಎಂಬ ನಾಯಿಯದು. ಕಾಳಿ ದೊಡ್ಡ ಹಂದಿಯೊಡನೆ ಹೋರಾಡಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಅದಕ್ಕಾಗಿ ಕಲ್ಲು ನಿಲ್ಲಿಸಿ, ಭೂಮಿಯನ್ನು ದತ್ತಿ ಬಿಟ್ಟರು. ಅದು ಹೇಳಿದೊಡನೆ ಕುಳಿತುಕೊಳ್ಳುತ್ತಿತ್ತೆ ಎಂದು ಯಾರೂ ಬರೆಯಿಸಲಿಲ್ಲ. ಇದೇ ಜಿಲ್ಲೆಯ ತೀರ್ಥಹಳ್ಳಿಯ ಕಡೆಯ ಕಾಡುಗಳನ್ನು ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಯಲ್ಲಿ ಸುತ್ತಿದವರು ಗುತ್ತಿಯ ನಾಯಿ ಹುಲಿಯನನ್ನು ಮರೆಯಲಾರರು. ಒಡೆಯನಿಗೆ 'ನಾಯಿಗುತ್ತಿ' ಎಂಬ ಹೆಸರನ್ನೇ ತಂದುಕೊಟ್ಟ ನಾಯಿ ಅದು.

ರಾಜ್ಯದ ಹೆಮ್ಮೆಯ ತಳಿಯಾದ ಮುಧೋಳದ ನಾಯಿಯೂ ಹಟಮಾರಿಯೆಂಬ ಅಪವಾದಕ್ಕೆ ಹೊರತಾಗಿಲ್ಲ. ಬಾಗಲಕೋಟೆ ಜಿಲ್ಲೆಯ ಈ ಬೇಟೆನಾಯಿ ಕಣ್ಣಿನಿಂದ ಬೇಟೆಯಾಡುವ ಜಾತಿ. ದೂರದಲ್ಲಿ ಮೊಲ ಅಲುಗಿದರೆ ಸಾಕು, ಆಮೇಲೆ ಕರೆದವರ ದನಿ ಅದಕ್ಕೆ ಗಾಳಿಯ ಸದ್ದಿಗೆ ಸಮಾನ. ಅಪರಿಚಿತರು ಮುಟ್ಟಿದರೆ ಹಿಂಜರಿಯುತ್ತದೆ, ಗದರಿದರೆ ಮುದುಡುತ್ತದೆ. ಮೈಯಲ್ಲಿ ಕೊಬ್ಬಿಲ್ಲದ, ತೊಡೆಯ ಸ್ನಾಯು ಬಿಗಿದ ಈ ಓಟಗಾರನಿಗೆ ಕುಳಿತುಕೊಳ್ಳುವ ಭಂಗಿಯೇ ಅಷ್ಟು ಹಿತವಲ್ಲ. ಅದಕ್ಕೆ "ನಿಲ್ಲು" ಎಂಬುದನ್ನು ಮೊದಲು ಕಲಿಸುವುದು ಜಾಣತನ. 2005ರಲ್ಲಿ ಭಾರತದ ಅಂಚೆಚೀಟಿಯ ಮೇಲೆ ಇದರ ಚಿತ್ರ ಬಂದಿತು. 2016ರಲ್ಲಿ ಮುಧೋಳ ತಾಲ್ಲೂಕಿನ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಿಂದ ಹೋದ ಮರಿಗಳು ಮೀರತ್ತಿನಲ್ಲಿ ಸೈನ್ಯದ ತರಬೇತಿಗೆ ಸೇರಿದವು. ಬೀಗಲ್ಲಿನದೂ ಇದೇ ಕಥೆ. ಮೂಗಿನ ಹಿಂದೆ ಓಡಿ ಯಜಮಾನನನ್ನು ಮರೆಯುವ ಆ ನಾಯಿಯನ್ನು ಅಮೆರಿಕದವರು 1984ರಿಂದ ವಿಮಾನನಿಲ್ದಾಣಗಳಲ್ಲಿ ಪ್ರಯಾಣಿಕರ ಗಂಟುಮೂಟೆಗಳನ್ನು ಮೂಸಲು ನಿಯಮಿಸಿಕೊಂಡರು. ದೋಷವೆಂದಿದ್ದದ್ದೇ ಉದ್ಯೋಗವಾಯಿತು.

ಮನೆಯಲ್ಲಿ ಬೀಗಲ್ ಸಾಕಿದವರೂ ಇದೇ ಉಪಾಯವನ್ನು ಅನುಸರಿಸಬಹುದು. ಐದಾರು ಮೀಟರಿನ ಹಗ್ಗ ಕಟ್ಟಿ ಬಯಲಿಗೆ ಕರೆದೊಯ್ಯಬೇಕು. ಅದು ಬೇಲಿಯತ್ತ ಎಳೆದಾಗ ಸುಮ್ಮನೆ ನಿಂತುಬಿಡಬೇಕು. ಒಮ್ಮೆ ತಿರುಗಿ ನೋಡಿತೋ, ಆ ಕ್ಷಣವೇ "ಹೂಂ, ಹೋಗು" ಎಂದು ಮೂಸಲು ಬಿಡಬೇಕು. ಮೂಸುವುದೇ ಅದಕ್ಕೆ ಸಂಭಾವನೆ. ಪಾಠ ಐದು ನಿಮಿಷ ಮೀರಬಾರದು, ಹಸಿವಿರುವಾಗಲೇ ನಡೆಯಬೇಕು. ಪಗ್ಗಿನ ಮೊಂಡು ಮೂಗಿಗೆ ಏಪ್ರಿಲ್ ತಿಂಗಳ ಹಗಲು ಉಸಿರಾಟವೇ ಕಷ್ಟ; ಅದರ ಪಾಠ ಬೆಳಗಿನ ತಂಪಿನಲ್ಲೇ ಮುಗಿಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕರೆದಾಗ ಬಂದ ನಾಯಿಯನ್ನು, ಅದು ಎಷ್ಟೇ ತಡವಾಗಿ ಬಂದಿರಲಿ, ಬಯ್ಯಬಾರದು. ಬಂದದ್ದಕ್ಕೆ ಏಟು ತಿಂದ ನಾಯಿ ಮರುದಿನ ಬರುವುದಾದರೂ ಏಕೆ?

ಮಲೆನಾಡಿನಲ್ಲಿ ಇನ್ನೊಂದು ತೊಡಕಿದೆ. ಬೇಸಗೆ ರಜೆಯಲ್ಲಿ ಮಕ್ಕಳ ಹಟಕ್ಕೆ ಮರಿ ಮನೆಗೆ ಬರುತ್ತದೆ. ಹೊರಗೆ ಹೋಗುವ ಅಭ್ಯಾಸ ಇನ್ನೇನು ಕೂಡಿತು ಎನ್ನುವಷ್ಟರಲ್ಲಿ ಜೂನಿನ ಮಳೆ ಹಿಡಿಯುತ್ತದೆ. ಮರಿ ಹೊಸ್ತಿಲು ದಾಟಲೊಲ್ಲದು. ಕೆಲಸವೆಲ್ಲ ಜಗಲಿಯ ಮೇಲೆಯೇ. ಮೂಗನ್ನು ಅದರಲ್ಲೇ ತಿಕ್ಕುವ ಹಳೆಯ ಶಿಕ್ಷೆಯಿಂದ ಮರಿ ಕಲಿಯುವುದು ಒಂದೇ: ಕದ್ದು ಮಾಡುವುದನ್ನು. ಉಂಡ ಮೇಲೆ, ನಿದ್ದೆಯಿಂದ ಎದ್ದ ಮೇಲೆ ತಪ್ಪದೆ ಸೂರಿನ ಕೆಳಗಿನ ಒಂದೇ ಮೂಲೆಗೆ ಕರೆದೊಯ್ದು, ಆದೊಡನೆ ತಿಂಡಿಯ ಚೂರೊಂದನ್ನು ಕೊಟ್ಟರೆ ಶ್ರಾವಣದ ಹೊತ್ತಿಗೆ ಮನೆ ಒಣಗಿರುತ್ತದೆ.

ತಾಳ್ಮೆಯ ಮಾತನ್ನು ಕಣ್ಣಾರೆ ಕಾಣಬೇಕೆನ್ನುವವರು ತೀರ್ಥಹಳ್ಳಿಯ ರಸ್ತೆಯಲ್ಲಿ 14 ಕಿಲೋಮೀಟರು ಹೋದರೆ, ಗಾಜನೂರು ಅಣೆಕಟ್ಟೆಯ ಹಿನ್ನೀರಿನ ಅಂಚಿನಲ್ಲಿ ಸಕ್ರೆಬೈಲಿನ ಆನೆಬಿಡಾರ ಸಿಗುತ್ತದೆ. ರಾತ್ರಿ ಕಾಡಿನಲ್ಲಿ ಮೇಯಲು ಬಿಟ್ಟ ಆನೆಗಳನ್ನು ಮಾವುತರೂ ಕಾವಾಡಿಗಳೂ ಬೆಳಿಗ್ಗೆ ಹುಡುಕಿ ಕರೆತಂದು ತುಂಗೆಯ ನೀರಿನಲ್ಲಿ ಉಜ್ಜಿ ತೊಳೆಯುವುದನ್ನು ನೋಡಲು ದಿನವೂ ಜನ ಸೇರುತ್ತಾರೆ. ಬೆಳೆ ತುಳಿದು, ಊರಿಗೆ ನುಗ್ಗಿ, ಮನುಷ್ಯರ ಪ್ರಾಣ ತೆಗೆದ ಕಾಡಾನೆಗಳನ್ನೂ ಹಿಡಿದು ಇಲ್ಲಿಗೆ ತಂದಿದ್ದುಂಟು. ದಪ್ಪ ದಿಮ್ಮಿಗಳ ಕ್ರಾಲಿನೊಳಗೆ ಅದನ್ನು ಪಳಗಿಸುವ ಹಳೆಯ ಪದ್ಧತಿಯಲ್ಲಿ ಹಸಿವು, ಪೆಟ್ಟು ಎರಡೂ ಇದ್ದವೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಟನ್ನುಗಟ್ಟಲೆ ತೂಗುವ ಪ್ರಾಣಿಯನ್ನು ಕೊನೆಗೆ ಬಗ್ಗಿಸುವುದು ದೊಣ್ಣೆಯಲ್ಲ. ದಿನವೂ ಅದೇ ಮನುಷ್ಯ, ಅದೇ ದನಿ, ಅದೇ ಕೈಯ ಬೆಲ್ಲ. ಅಲ್ಲಿ ಮೊಬೈಲಿನಲ್ಲಿ ಚಿತ್ರ ತೆಗೆದು ಸಂತೋಷಪಡುವ ಕುಟುಂಬವೇ ಮನೆಗೆ ಮರಳಿ, ಹತ್ತು ಕಿಲೋ ತೂಕದ ನಾಯಿ ಹತ್ತು ದಿನದಲ್ಲಿ ಕಲಿಯಲಿಲ್ಲವೆಂದು ಬೇಸರಪಡುವುದು ವಿಚಿತ್ರ.

ಈ ಬೇಸರದ ಕೊನೆಯನ್ನು ನೋಡಬೇಕಾದರೆ ಭದ್ರಾವತಿಗೆ ಹೋಗಬೇಕು. ಶಿವಮೊಗ್ಗೆಯಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಬೆಂಕಿಪುರವೆಂದಿದ್ದ ಊರು ಕಬ್ಬಿಣದ ಊರಾದದ್ದು 1923ರಲ್ಲಿ ಕುಲುಮೆ ಹೊತ್ತಿದ ಮೇಲೆ. ಕಲ್ಲಿದ್ದಲು ದೂರ, ಕಾಡು ಹತ್ತಿರ. ಆದ್ದರಿಂದ ಮರದ ಇದ್ದಿಲಿನಿಂದಲೇ ಅಲ್ಲಿ ಕಬ್ಬಿಣ ಕರಗಿಸಿದರು. ಕೈಗೆ ಸಿಕ್ಕ ಸಾಮಗ್ರಿಯ ಗುಣವರಿತು ಕೆಲಸ ಮಾಡಿದ ಊರು ಅದು. ಈಗ ಆ ವೈಭವವಿಲ್ಲ. ಕಾಗದದ ಕಾರ್ಖಾನೆ 2015ರಲ್ಲಿ ಕೆಲಸ ನಿಲ್ಲಿಸಿತು. ಉಕ್ಕಿನ ಕಾರ್ಖಾನೆಯೂ ಹಲವು ಸಲ ಮುಚ್ಚುವ ಅಂಚಿಗೆ ಹೋಗಿ ಬಂದಿದೆ. ಪೇಪರ್‌ಟೌನಿನಲ್ಲಿ ಸಂಸಾರಗಳು ತೆರವು ಮಾಡಿದ ಮನೆಗಳ ಜಗಲಿಯ ಮೇಲೆ ಬೀದಿನಾಯಿಗಳು ಮಲಗಿರುತ್ತವೆ. ಅವುಗಳ ನಡುವೆ ಒಮ್ಮೊಮ್ಮೆ ಉದ್ದ ಕೂದಲಿನ, ಜಡೆಗಟ್ಟಿದ ಮೈಯ ಒಂದು ಜಾತಿನಾಯಿ ಕಾಣುತ್ತದೆ. ಕುತ್ತಿಗೆಯಲ್ಲಿ ಪಟ್ಟಿಯ ಗುರುತು ಇನ್ನೂ ಮಾಸಿರುವುದಿಲ್ಲ. ಬೀದಿಯಲ್ಲಿ ಹುಟ್ಟಿದ್ದಕ್ಕೆ ಬೀದಿಯ ವಿದ್ಯೆ ಗೊತ್ತು: ಯಾವ ಹೋಟೆಲಿನ ಹಿಂಬದಿಗೆ ಎಷ್ಟು ಹೊತ್ತಿಗೆ ಹೋಗಬೇಕು, ಯಾವ ಲಾರಿಗೆ ದಾರಿ ಬಿಡಬೇಕು ಎಂಬುದೆಲ್ಲ. ಕಂತ್ರಿ ನಾಯಿಯೆಂದು ಮೂದಲಿಸುವವರು ಈ ಪಾಂಡಿತ್ಯವನ್ನು ಗಮನಿಸಿದಂತಿಲ್ಲ. ಬಿಟ್ಟುಹೋದ ನಾಯಿಗೆ ಅದಾವುದೂ ತಿಳಿಯದು. 2021ರ ಸೆಪ್ಟೆಂಬರಿನಲ್ಲಿ ಇದೇ ತಾಲ್ಲೂಕಿನಲ್ಲಿ ನೂರಕ್ಕೂ ಹೆಚ್ಚು ನಾಯಿಗಳನ್ನು ಕೊಂದು ಹೂತ ಸಂಗತಿ ಹೊರಬಿದ್ದು, ಪೊಲೀಸ್ ಮೊಕದ್ದಮೆಯಾಯಿತು. ಬೀದಿಗೆ ಬಿದ್ದ ನಾಯಿಯ ಪಾಡು ಎಲ್ಲಿಯವರೆಗೆ ಹೋಗಬಹುದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನಾಯಿಬಾಲ ಡೊಂಕೆಂಬ ಗಾದೆ ಬಾಲದ ವಿಷಯವನ್ನಷ್ಟೇ ಹೇಳಿದೆ, ತಲೆಯ ವಿಷಯವನ್ನಲ್ಲ. ನಾಲ್ಕೈದು ವರ್ಷ ದಾಟಿದ ನಾಯಿಯೂ ಕಲಿಯುತ್ತದೆ. ಇಂಥದೊಂದನ್ನು ಮನೆಗೆ ತಂದವರು ಮೊದಲು ಪಶುವೈದ್ಯರಲ್ಲಿಗೆ ಒಯ್ದು ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಬೇಕು. ಶಿವಮೊಗ್ಗೆಯ ವಿನೋಬನಗರದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಮನೆಗೆ ಬಂದ ಮೇಲೆ ಕೆಲವು ದಿನ ಯಾವ ಪಾಠವೂ ಬೇಡ. ಒಂದು ಮೂಲೆ, ಒಂದು ಗೋಣಿತಾಟು, ಹೊತ್ತಿಗೆ ಸರಿಯಾಗಿ ಅನ್ನ. ಮಕ್ಕಳು ಮೇಲೆ ಬಿದ್ದು ಮುದ್ದಿಸದಂತೆ ನೋಡಿಕೊಳ್ಳಬೇಕು. ಅದು ತಾನಾಗಿ ಎದ್ದು ಅಡುಗೆಮನೆಯ ಬಾಗಿಲಿಗೆ ಬಂದು ನಿಂತ ದಿನ, ಹೆಸರು ಹಿಡಿದು ಒಂದೇ ಸಲ ಕರೆಯಬೇಕು. ಬಂದರೆ ದೋಸೆಯ ಚೂರು. ಬರದಿದ್ದರೆ ಕೋಪವಿಲ್ಲ, ಸಂಜೆ ಮತ್ತೊಮ್ಮೆ.