ಕಂಠೀರವದ ಬಹುವೇಷ

2023ರ ಮೇ 20ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಸಿದ್ದರಾಮಯ್ಯ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಜುಲೈ 4ಕ್ಕೆ ಅದೇ ಅಂಗಳದಲ್ಲಿ ದಕ್ಷಿಣ ಏಷ್ಯಾ ಫುಟ್‌ಬಾಲ್ ಟೂರ್ನಿ ಸ್ಯಾಫ್‌ನ ಫೈನಲ್. ಕುವೈತ್ ಜೊತೆ 1-1 ಸಮಬಲ. ಪೆನಾಲ್ಟಿ ಶೂಟೌಟ್ ಸಡನ್ ಡೆತ್‌ವರೆಗೂ ಎಳೆದು, ಗುರ್‌ಪ್ರೀತ್ ಸಿಂಗ್ ಸಂಧು ಚೆಂಡು ತಡೆದಾಗಲೇ ಭಾರತಕ್ಕೆ ಕಪ್.

2021ರ ಅಕ್ಟೋಬರ್‌ನಲ್ಲಿ ಇಲ್ಲಿ ಸಾಲುಗಟ್ಟಿದ ಜನ ಮಾತ್ರ ಆಟಕ್ಕೆ ಬಂದವರಲ್ಲ, ನಟ ಪುನೀತ್ ರಾಜ್‌ಕುಮಾರ್ ಅಂತಿಮ ದರ್ಶನಕ್ಕೆ ಬಂದವರು.

ಬೆಂಗಳೂರು ಎಫ್‌ಸಿಗೆ ಇದು ತವರು. ಆದರೆ ಮೈದಾನದ ಸುತ್ತ ಅಥ್ಲೆಟಿಕ್ಸ್ ಟ್ರ್ಯಾಕ್ ಇರುವುದರಿಂದ ಪ್ರೇಕ್ಷಕರು ಚೆಂಡಿಗೆ ತುಸು ದೂರ. ಫುಟ್‌ಬಾಲ್ ಅಭಿಮಾನಿ ಗೊಣಗಿದರೆ ತಪ್ಪಿಲ್ಲ. ಓಟಗಾರರಿಗೂ ಅಭ್ಯಾಸಕ್ಕೆ ಜಾಗ ಬೇಕಲ್ಲ!

ಮೊದಲು ಪಂಚಕುಲಕ್ಕೆ ನಿಗದಿಯಾಗಿದ್ದ ನೀರಜ್ ಚೋಪ್ರಾ ಕ್ಲಾಸಿಕ್ ಜಾವೆಲಿನ್ ಕೂಟ, ಅಲ್ಲಿ ದೀಪದ ವ್ಯವಸ್ಥೆ ಸಾಲದೆ ಕಂಠೀರವಕ್ಕೆ ಬಂತು. 2025ರ ಜುಲೈ 5ರಂದು 86.18 ಮೀಟರ್ ಎಸೆದು ನೀರಜ್ ಅವರೇ ಗೆದ್ದರು.