ಮೂರು ಅಂಕದ ಪತ್ರ

ಕಾನೂನು ಪದವಿಯ ಕೊನೆಯ ವರ್ಷದಲ್ಲಿ ಓದುವುದಕ್ಕಿಂತ ಬರೆಯುವುದೇ ಹೆಚ್ಚು. ಕರಡು ರಚನೆಯ ಪತ್ರಿಕೆಗೆ 15 ವಾದಪತ್ರ, ಅರ್ಜಿಗಳು, 15 ದಸ್ತಾವೇಜುಗಳು. ಒಂದೊಂದಕ್ಕೆ 3 ಅಂಕ, ಉಳಿದ 10 ಮೌಖಿಕ ಪರೀಕ್ಷೆಗೆ. ಇದು ಬಾರ್ ಕೌನ್ಸಿಲ್ ಆಫ್ ಇಂಡಿಯಾ ಹಾಕಿಕೊಟ್ಟ ಲೆಕ್ಕ. ಕ್ರಯಪತ್ರ, ಅಡಮಾನ ಪತ್ರ, ದಾನಪತ್ರ, ಮೃತ್ಯುಪತ್ರ, ಮುಖ್ತಿಯಾರ್ ಪತ್ರಗಳನ್ನೆಲ್ಲ ಕೈಬರಹದಲ್ಲಿ ಮುಗಿಸಿ ಕೊನೆಗೆ ನಾನು ಹಕ್ಕು ಬಿಡುಗಡೆ ಪತ್ರಕ್ಕೆ ಬಂದೆ. ಬರೆದುಕೊಡುವವಳು ತಂಗಿ, ಬರೆಸಿಕೊಳ್ಳುವವನು ಅಣ್ಣ. ಸ್ವಸಂತೋಷದಿಂದ, ಯಾರ ಒತ್ತಾಯಕ್ಕೂ ಒಳಗಾಗದೆ, ತವರಿನ ಆಸ್ತಿಯಲ್ಲಿರುವ ತನ್ನ ಹಕ್ಕನ್ನೆಲ್ಲ ಆಕೆ ಬಿಟ್ಟುಕೊಡುತ್ತಾಳೆ. ಹೆಸರುಗಳನ್ನು ಕಲ್ಪಿಸಿಕೊಂಡೆ, ಸರ್ವೆ ನಂಬರನ್ನೂ ಕಲ್ಪಿಸಿಕೊಂಡೆ. ಚಕ್ಕುಬಂದಿಗೆ ಬಂದಾಗ ಮಾತ್ರ ಕಲ್ಪನೆ ಓಡಲಿಲ್ಲ. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಬಂಡಿದಾರಿ, ಉತ್ತರಕ್ಕೆ ಕಾಕಾನ ಹೊಲ, ದಕ್ಷಿಣಕ್ಕೆ ಕಾಲುವೆ. ನವಲಗುಂದ ತಾಲ್ಲೂಕಿನ ನಮ್ಮ ಎರೆಹೊಲದ ಗಡಿಯೇ ಪೆನ್ನಿಗೆ ಬಂದುಬಿಟ್ಟಿತು.

ಅದೇ ದಿನಗಳಲ್ಲಿ ಅಪ್ಪನ ಫೋನ್ ಬಂತು. ಅಣ್ಣ ಟ್ರ್ಯಾಕ್ಟರ್ ಸಾಲಕ್ಕೆ ಓಡಾಡುತ್ತಿದ್ದಾನೆ, ಹೊಲ ಅವನ ಹೆಸರಿಗೆ ಆಗಬೇಕು. "ಪರೀಕ್ಷಾ ಮುಗಿದ ಮ್ಯಾಲೆ ಒಂದ್ ದಿನ ಬಂದು ಸಹಿ ಮಾಡಿ ಹೋಗವ್ವಾ, ಕಾಗದ ತಯಾರ ಐತಿ" ಅಂದರು. ಯಾವ ಕಾಗದ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು. "ಆತ್ರಿ" ಎಂದು ಫೋನ್ ಇಟ್ಟೆ.

ಈ ವಿಷಯದ ಕಾನೂನು ನನಗೆ ಬಾಯಿಪಾಠ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮದುವೆಯಾಗದ ಮಗಳಿಗೂ ಮಗನಷ್ಟೇ ಹಕ್ಕೆಂಬ ತಿದ್ದುಪಡಿ ಕರ್ನಾಟಕದಲ್ಲಿ ಜಾರಿಗೆ ಬಂದದ್ದು 1994ರ ಜುಲೈ 30ರಂದು. ಅದಕ್ಕಿಂತ ಮೊದಲೇ ಮದುವೆಯಾದ ಹೆಣ್ಣುಮಕ್ಕಳು ಹೊರಗೇ ಉಳಿದರು. ದೇಶಕ್ಕೆಲ್ಲ ಅನ್ವಯವಾಗುವ ತಿದ್ದುಪಡಿ 2005ರ ಸೆಪ್ಟೆಂಬರ್ 9ರಂದು ಬಂದಾಗ ಮದುವೆಯ ಆ ಗೆರೆ ಅಳಿಸಿತು. ಆ ದಿನಕ್ಕೆ ತಂದೆ ಬದುಕಿರಬೇಕೋ ಬೇಡವೋ ಎಂಬ ಜಗ್ಗಾಟ ಹದಿನೈದು ವರ್ಷ ನಡೆದು, 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಬೇಕಿಲ್ಲ ಎಂದಿತು. ಮಗಳ ಹಕ್ಕು ಬರುವುದು ಹುಟ್ಟಿನಿಂದ. ಮೂಟ್ ಕೋರ್ಟಿನಲ್ಲಿ ಇದೇ ಪ್ರಶ್ನೆಯ ಮೇಲೆ ನಾನು ಮಗಳ ಪರವಾಗಿಯೂ ವಾದಿಸಿದ್ದೇನೆ, ಇನ್ನೊಂದು ಸುತ್ತಿನಲ್ಲಿ ಮಗನ ಪರವಾಗಿಯೂ ವಾದಿಸಿದ್ದೇನೆ. ಎರಡೂ ಸಲ ಧ್ವನಿ ಗಟ್ಟಿಯಾಗಿತ್ತು. ಇಷ್ಟೆಲ್ಲ ಗೊತ್ತಿದ್ದ ನನಗೆ ಅಪ್ಪನ ಮುಂದೆ ಒಂದು ಸಣ್ಣ ಪ್ರಶ್ನೆ ಕೇಳಲು ಆಗಲಿಲ್ಲ.

ಆ ರಾತ್ರಿ ಹಾಸ್ಟೆಲಿನಲ್ಲಿ ನನ್ನ ಮನಸ್ಸನ್ನೇ ಮುಂದಿಟ್ಟುಕೊಂಡು ಕೂತೆ. ಸಿಟ್ಟು ಬಂದಿದೆಯೇ? ಇಲ್ಲ. ಅಣ್ಣನಿಗೇ ಇರಲಿ ಎಂಬ ಔದಾರ್ಯವೇ? ಅದೂ ಅಲ್ಲ. ಕೆದಕಿದಾಗ ಸಿಕ್ಕದ್ದು ಒಂದೇ ಆಸೆ: ಇದನ್ನು ಬೇರೆ ಯಾರಾದರೂ ತೀರ್ಮಾನ ಮಾಡಲಿ, ನನ್ನನ್ನು ಯಾವ ಕಡೆಗೂ ನಿಲ್ಲಿಸದಿರಲಿ. ಈ ಆಸೆಯ ಮುಖ ನನಗೆ ಹೊಸದಾಗಿರಲಿಲ್ಲ. ಇಷ್ಟು ವರ್ಷ ನಾನು ಅದನ್ನು ನನ್ನ ಗುರಿ ಎಂದು ಕರೆಯುತ್ತ ಬಂದಿದ್ದೆ.

ಪಿಯುಸಿ ಮುಗಿಸಿ ಧಾರವಾಡಕ್ಕೆ ಬಂದ ದಿನದಿಂದ ಕೇಳಿದವರಿಗೆಲ್ಲ ನನ್ನದು ಒಂದೇ ಉತ್ತರ: ನ್ಯಾಯಾಧೀಶೆ ಆಗಬೇಕು. ಪದವಿ ಮುಗಿದ ತಕ್ಷಣ ಸಿವಿಲ್ ನ್ಯಾಯಾಧೀಶರ ಪರೀಕ್ಷೆ ಬರೆಯುವುದು, ವಕೀಲಿಕೆಯ ಮೆಟ್ಟಿಲು ಹತ್ತದೆಯೇ ಪೀಠಕ್ಕೆ ಹೋಗುವುದು. ಹಳ್ಳಿಯಿಂದ ಬಂದ ಹುಡುಗಿಗೆ ಇದು ಒಪ್ಪುವ ಕನಸು ಎಂದು ಎಲ್ಲರೂ ತಲೆದೂಗಿದರು. ಸಂಬಳ ಉಂಟು, ಗೌರವ ಉಂಟು, ಕಕ್ಷಿದಾರರನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಕಷ್ಟದಲ್ಲಿ ಇರುವವರ ಮುಂದೆ ಫೀಸಿಗೆ ಕೈಚಾಚಬೇಕಿಲ್ಲ. ನ್ಯಾಯ ಕೊಡುವ ಹಂಬಲವೂ ಇತ್ತು, ಅದನ್ನು ಸುಳ್ಳೆನ್ನಲಾರೆ. ಆದರೆ ಅದರ ಬೆನ್ನಿಗೆ ಈ ಭಯಗಳೂ ಇದ್ದವು.

2025ರ ಮೇ 20ರಂದು ಆ ದಾರಿ ತಿರುವು ತೆಗೆದುಕೊಂಡಿತು. ಸುಪ್ರೀಂ ಕೋರ್ಟಿನ ಆಗಿನ ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ ಅವರಿದ್ದ ಪೀಠ, ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಕನಿಷ್ಠ ಮೂರು ವರ್ಷದ ವಕೀಲಿಕೆ ಬೇಕೇ ಬೇಕು ಎಂದು ತೀರ್ಪು ಕೊಟ್ಟಿತು. ಈ ಷರತ್ತು ಹಿಂದೆಯೂ ಇತ್ತು. ನಮ್ಮ ಕನ್ನಡನಾಡಿನವರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ ಅವರ ಆಯೋಗದ ವರದಿಯ ಮೇಲೆ 2002ರಲ್ಲಿ ಸುಪ್ರೀಂ ಕೋರ್ಟೇ ಅದನ್ನು ತೆಗೆದಿತ್ತು. ಅನುಭವವಿಲ್ಲದವರನ್ನು ನೇರವಾಗಿ ಪೀಠದಲ್ಲಿ ಕೂರಿಸಿದ ಇಪ್ಪತ್ತು ವರ್ಷಗಳ ಪ್ರಯೋಗ ಫಲ ಕೊಟ್ಟಿಲ್ಲ ಎಂಬುದು ಹೊಸ ತೀರ್ಪಿನ ಸಾರ. ಜನರ ಜೀವ, ಸ್ವಾತಂತ್ರ್ಯ, ಆಸ್ತಿಯ ಪ್ರಶ್ನೆಗಳನ್ನು ಮೊದಲ ದಿನದಿಂದಲೇ ತೀರ್ಮಾನಿಸಬೇಕಾದವರಿಗೆ ಪುಸ್ತಕದ ತಿಳಿವಳಿಕೆ ಸಾಲದು ಎಂಬ ಮಾತು ಅದರಲ್ಲಿದೆ. ತೀರ್ಪು ಬಂದ ದಿನ ನಮ್ಮ ಹಾಸ್ಟೆಲಿನಲ್ಲಿ ಕೆಲವರು ಅತ್ತರು. ಮೊದಲ ತಲೆಮಾರಿನ ವಕೀಲರಿಗೆ, ಅದರಲ್ಲೂ ಹುಡುಗಿಯರಿಗೆ, ಆ ಮೂರು ವರ್ಷ ಎಂದರೆ ಮನೆಯವರು ಮದುವೆಯ ಮಾತು ಎತ್ತುವ ಮೂರು ವರ್ಷ. ಆ ಕಣ್ಣೀರು ನನಗೆ ಅರ್ಥವಾಗುತ್ತದೆ. ಆದರೂ ತೀರ್ಪು ಸರಿ ಎಂದೇ ಈಗ ನನಗೆ ಅನಿಸುತ್ತದೆ. ಯಾಕೆಂದರೆ ಅದು ತಡೆಯಹೊರಟದ್ದು ನನ್ನಂಥವಳನ್ನೇ. ಯಾವ ಪಕ್ಷದ ಪರವಾಗಿಯೂ ಒಮ್ಮೆಯೂ ನಿಲ್ಲದವಳು ಎರಡು ಪಕ್ಷಗಳ ನಡುವೆ ಕೂತು ಏನು ತೂಗಿಯಾಳು?

ನಮ್ಮ ಬ್ಯಾಚಿಗೆ ಕಾಲ ಕೆಳಗಿನ ನೆಲ ಸರಿದದ್ದು ಅದೊಂದೇ ಸಲ ಅಲ್ಲ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದವು. ಕೊಲೆಯ ಕಲಂ 302 ಹೋಗಿ 103 ಆಯಿತು, ವಂಚನೆಯ 420 ಹೋಗಿ 318 ಆಯಿತು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 482 ಎಂದರೆ ಹೈಕೋರ್ಟಿನ ಅಂತರ್ಗತ ಅಧಿಕಾರ, ಹೊಸದರಲ್ಲಿ 482 ಎಂದರೆ ನಿರೀಕ್ಷಣಾ ಜಾಮೀನು. ಆ ದಿನಕ್ಕಿಂತ ಮುಂಚೆ ನಡೆದ ಅಪರಾಧಗಳಿಗೆ ಹಳೆಯ ದಂಡ ಸಂಹಿತೆಯೇ ಅನ್ವಯವಾಗುವುದರಿಂದ ಎರಡನ್ನೂ ತಲೆಯಲ್ಲಿ ಇಟ್ಟುಕೊಳ್ಳಬೇಕು. ಇದು ದೊಡ್ಡ ಕಷ್ಟವೇನಲ್ಲ. ಕೂತು ಓದಿದರೆ ಬರುತ್ತದೆ.

ಓದಿ ಕಲಿಯಲಾಗದ್ದು ಬೇರೆ ಇದೆ. ಕೊನೆಯ ಸೆಮಿಸ್ಟರಿನ ಮೂಟ್ ಕೋರ್ಟ್ ಪತ್ರಿಕೆಯಲ್ಲಿ ಒಂದು ಭಾಗ, ವಕೀಲರ ಕಚೇರಿಯಲ್ಲಿ ಕೂತು ಕಕ್ಷಿದಾರರ ಎರಡು ಸಂದರ್ಶನಗಳನ್ನು ಗಮನಿಸಿ ಡೈರಿ ಬರೆಯುವುದು. ನಾನು ಹೋಗುತ್ತಿದ್ದ ಸೀನಿಯರ್ ಒಬ್ಬರ ಕಚೇರಿಗೆ ಒಂದು ಸಂಜೆ ವಯಸ್ಸಾದ ಹೆಣ್ಣುಮಗಳೊಬ್ಬಳು ಬಂದಳು. ಗುರುತು ಸಿಗುವ ವಿವರಗಳನ್ನು ಬಿಟ್ಟು ಹೇಳುತ್ತೇನೆ, ಅದು ಆಕೆಗೆ ನಾನು ಸಲ್ಲಿಸಬೇಕಾದ ಕರ್ತವ್ಯ. ಸೆರಗಿನ ಗಂಟು ಬಿಚ್ಚಿ, ಪ್ಲಾಸ್ಟಿಕ್ ಚೀಲದೊಳಗಿಂದ ಒಂದು ನಕಲು ತೆಗೆದು ಮೇಜಿನ ಮೇಲೆ ಇಟ್ಟಳು. ನಾಲ್ಕು ಮಡಿಕೆಯ ಗೆರೆಗಳಲ್ಲಿ ಅಕ್ಷರಗಳು ಅಳಿಸಿಹೋಗಿದ್ದವು. ಹಕ್ಕು ಬಿಡುಗಡೆ ಪತ್ರ. ಕೊನೆಯಲ್ಲಿ ಎಡಗೈ ಹೆಬ್ಬೆಟ್ಟಿನ ಗುರುತು.

ಸೀನಿಯರ್ ಮೆತ್ತಗೆ ಕೇಳುತ್ತ ಹೋದರು. ಯಾವಾಗ ಬರೆದುಕೊಟ್ಟದ್ದು? ಅಪ್ಪ ತೀರಿಕೊಂಡ ಮರುವರ್ಷ. ರೊಕ್ಕ ಕೊಟ್ಟಿದ್ದರೇ? ಒಂದು ಸೀರೆ ಕೊಟ್ಟಿದ್ದರು. ಕಾಗದದಲ್ಲಿ ಏನಿದೆ ಎಂದು ಓದಿ ಹೇಳಿದ್ದರೇ?

"ಓದಿದ್ರರಿ. ನನಗ ಕೇಳಲಿಲ್ಲ. ಅಣ್ಣ ಬಾಜೂಕ ಕುಂತಿದ್ನಲ್ಲ, ಅವನ ಮಾರಿ ನೋಡಕೋತ ಕುಂತಿದ್ದೆ."

ಪಂಚಮಿ ಬಂತೆಂದರೆ ಆಕೆಯ ಅಣ್ಣ ಬಂದು ಕರೆದುಕೊಂಡು ಹೋಗುತ್ತಿದ್ದ. ಉಂಡಿ ಕಟ್ಟುವುದು, ಜೋಕಾಲಿ ಆಡುವುದು, ಹಾಲೆರೆಯುವುದು, ತಿರುಗಿ ಬರುವಾಗ ಒಂದು ಕುಬಸ. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಆ ನಾಲ್ಕು ದಿನ ಅಂದರೆ ಏನೆಂದು ಬೇರೆಯವರಿಗೆ ಹೇಳಿ ತಿಳಿಸುವುದು ಕಷ್ಟ. ಸಹಿ ಮಾಡದಿದ್ದರೆ ಕರೆಯಲು ಬರುವುದಿಲ್ಲ ಎಂದು ಆಕೆಗೆ ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಈಗ ಅಣ್ಣ ಇಲ್ಲ. ಅಣ್ಣನ ಮಗ ಹೊಲ ಮಾರುತ್ತಿದ್ದಾನೆ, ಪಂಚಮಿಗೆ ಕರೆಯುವುದನ್ನೂ ಬಿಟ್ಟಿದ್ದಾನೆ. "ಕರೀಲಿಲ್ಲ ಅಂದ್ರ ಆ ಹೆಬ್ಬಟ್ಟು ವಾಪಸ್ ತಗೋಬಹುದೇನ್ರಿ?" ಎಂದಳು.

ನೋಂದಣಿಯಾದ ಪತ್ರವನ್ನು ರದ್ದುಪಡಿಸಲು, ಮೋಸವಾಗಿದ್ದರೆ ಅದು ತಿಳಿದ ದಿನದಿಂದ ಮೂರು ವರ್ಷದೊಳಗೆ ದಾವೆ ಹಾಕಬೇಕು. ಪಾಲು ಕೇಳಲು ಇರುವ ಹನ್ನೆರಡು ವರ್ಷದ ಅವಧಿಯೂ ಪತ್ರ ಅಡ್ಡ ನಿಂತಿರುವಾಗ ಆಕೆಗೆ ಒದಗದು. ಸೀನಿಯರ್ ಏನನ್ನೂ ಮುಚ್ಚಿಡದೆ, ಗೆಲ್ಲುವುದು ಕಷ್ಟವೆಂದು ಹೇಳಿದರು. ಹಾಗಿದ್ದರೂ ಪ್ರಯತ್ನಿಸುವುದಾದರೆ ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ, ಜಿಲ್ಲಾ ಪ್ರಾಧಿಕಾರಕ್ಕೆ ಅರ್ಜಿ ಬರೆದುಕೊಡುತ್ತೇನೆ ಎಂದರು. ಮನೆಯಲ್ಲಿ ಕೇಳಿ ಬರುತ್ತೇನೆ ಎಂದು ಆಕೆ ಕಾಗದವನ್ನು ಹಳೆಯ ಮಡಿಕೆಗಳ ಮೇಲೆಯೇ ಮಡಚಿಕೊಂಡು ಹೋದಳು.

ಡೈರಿಯಲ್ಲಿ ನಾನು ಸಂಗತಿಗಳು, ಕೇಳಿದ ಪರಿಹಾರ, ಕಾಲಮಿತಿ ಎಂದು ಮೂರು ಶೀರ್ಷಿಕೆ ಹಾಕಿಕೊಂಡು ಬರೆದೆ. ಬರೆದದ್ದರಲ್ಲಿ ತಪ್ಪೇನಿಲ್ಲ, ಕಾನೂನಿಗೆ ಬೇಕಾದದ್ದೆಲ್ಲ ಇತ್ತು. ಆದರೆ ಬರೆಯುವಾಗ ಒಂದು ವಿಷಯ ನನ್ನನ್ನು ಹಿಡಿದು ನಿಲ್ಲಿಸಿತು. ಅಪ್ಪನ ಫೋನಿನಲ್ಲಿ ನಾನು "ಆತ್ರಿ" ಎಂದದ್ದಕ್ಕೂ ಈಕೆ ಅಣ್ಣನ ಮುಖ ನೋಡುತ್ತ ಹೆಬ್ಬೆಟ್ಟು ಒತ್ತಿದ್ದಕ್ಕೂ ನಡುವೆ ಐದು ವರ್ಷದ ಕಾನೂನು ಶಿಕ್ಷಣ ನಿಂತಿರಬೇಕಿತ್ತು. ಅದು ಎಲ್ಲಿ ಹೋಗಿತ್ತು? ಓದು ಬರದವಳು ಕೇಳಿಸಿಕೊಳ್ಳಲಿಲ್ಲ, ಓದಿದವಳು ಕೇಳಲೇ ಇಲ್ಲ. ಅವಳಿಗೆ ತವರು ಬೇಕಿತ್ತು. ನನಗೂ ಬೇಕು.

ಇಲ್ಲಿ ನನ್ನ ಅಣ್ಣನ ಬಗ್ಗೆ ಹೇಳದಿದ್ದರೆ ಅನ್ಯಾಯವಾದೀತು. ಅವನು ಪಿಯುಸಿಗೇ ಓದು ನಿಲ್ಲಿಸಿದ. ಅಪ್ಪನ ಮೊಣಕಾಲು ಸೋತ ವರ್ಷ ಅದು. ಇಬ್ಬರಲ್ಲಿ ಒಬ್ಬರು ಹೊಲಕ್ಕೆ ಇಳಿಯಬೇಕಿತ್ತು, ಅವನು ಇಳಿದ. ನನ್ನ ಫೀಸು, ಹಾಸ್ಟೆಲ್, ಪುಸ್ತಕಗಳೆಲ್ಲ ಅವನು ಬೆಳೆದ ಕಡಲೆ, ಹತ್ತಿ, ಉಳ್ಳಾಗಡ್ಡಿಯಿಂದ ಬಂದವು. ಉಳ್ಳಾಗಡ್ಡಿಯ ದರ ಬಿದ್ದ ವರ್ಷ ಅವನು ಸಾಲ ತಂದು ನನ್ನ ಪರೀಕ್ಷಾ ಶುಲ್ಕ ಕಟ್ಟಿದ. ಕಾನೂನು ಹುಟ್ಟನ್ನು ಎಣಿಸುತ್ತದೆ, ಬೆವರನ್ನು ಎಣಿಸುವುದಿಲ್ಲ. ವಿನೀತಾ ಶರ್ಮಾ ತೀರ್ಪನ್ನು ಎಷ್ಟು ಸಲ ತಿರುವಿ ಹಾಕಿದರೂ ಈ ಲೆಕ್ಕಕ್ಕೆ ಅದರಲ್ಲಿ ಉತ್ತರವಿಲ್ಲ. ಇರಬೇಕಾಗಿಯೂ ಇಲ್ಲ. ಮನೆಯ ಋಣವನ್ನು ಹೆಣ್ಣುಮಗಳ ಹಕ್ಕಿನಿಂದಲೇ ತೀರಿಸಬೇಕು ಎನ್ನುವ ರೂಢಿಯನ್ನು ಕಾನೂನು ಒಪ್ಪಿಕೊಂಡರೆ ಯಾವ ಮನೆಯಲ್ಲೂ ಯಾವ ಮಗಳಿಗೂ ಪಾಲು ಉಳಿಯದು. ಎಲ್ಲ ಅಣ್ಣಂದಿರೂ ಏನಾದರೊಂದು ಮಾಡಿಯೇ ಇರುತ್ತಾರೆ. ತಂಗಿ ಮಾಡಿದ್ದು ಮಾತ್ರ ಯಾರ ಲೆಕ್ಕಕ್ಕೂ ಬಂದಿರುವುದಿಲ್ಲ.

ಎರಡೂ ಕಡೆಯ ವಾದ ಇಷ್ಟು ಚೆನ್ನಾಗಿ ಬರುತ್ತದೆ ನನಗೆ. ತೀರ್ಪು ಮಾತ್ರ ಬರುವುದಿಲ್ಲ, ಬರಲೂಬಾರದು. ತನ್ನ ಪ್ರಕರಣದಲ್ಲಿ ತಾನೇ ನ್ಯಾಯಾಧೀಶನಾಗುವಂತಿಲ್ಲ ಎಂಬುದು ನೈಸರ್ಗಿಕ ನ್ಯಾಯದ ಮೊದಲ ಪಾಠ. ಆಡಳಿತ ಕಾನೂನಿನ ಪತ್ರಿಕೆಯಲ್ಲಿ ಅದನ್ನು ಬರೆದು ಅಂಕ ಪಡೆದಿದ್ದೇನೆ. ಈ ಮನೆಯಲ್ಲಿ ನನಗೆ ಪೀಠವಿಲ್ಲ. ನಾನು ಪಕ್ಷಗಾರ್ತಿ. ಪಕ್ಷಗಾರ್ತಿಯ ಕೆಲಸ ತನಗೇನು ಬೇಕೆಂದು ಹೇಳುವುದು.

ಅದನ್ನು ಹೇಳಲು ನನಗೆ ವಾರಗಳೇ ಹಿಡಿದವು. ಅಪ್ಪನಿಗೆ ಫೋನ್ ಮಾಡಿ, ಬಿಡುಗಡೆ ಪತ್ರಕ್ಕೆ ನಾನು ಸಹಿ ಮಾಡುವುದಿಲ್ಲ, ಅಣ್ಣನ ಸಾಲಕ್ಕೆ ಅಡ್ಡಿಯನ್ನೂ ಮಾಡುವುದಿಲ್ಲ ಎಂದೆ. ಅಪ್ಪ ಬಹಳ ಹೊತ್ತು ಮಾತಾಡಿದರು, ನಡುವೆ ಅವರ ಧ್ವನಿ ಏರಿತು. "ಇದಕ್ಕ ಓದಸಿದ್ದೇನು ನಿನ್ನ?" ಎಂಬ ಮಾತೂ ಬಂತು. ಆ ಮಾತಿಗೆ ಹೌದು ಎಂಬುದೇ ಉತ್ತರ. ಅಂದು ಅದನ್ನು ಹೇಳಲಿಲ್ಲ. ಮುಂದೊಂದು ದಿನ ಅಪ್ಪನೇ ಹೇಳಿಯಾರು ಎಂಬ ಆಸೆ ಇದೆ.

ಈಗ ಜರ್ನಲುಗಳು ಮುಗಿದಿವೆ, ಮೌಖಿಕ ಪರೀಕ್ಷೆ ಹತ್ತಿರ ಬಂದಿದೆ. ಫಲಿತಾಂಶ ಬಂದ ಮೇಲೆ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ. ಸುಪ್ರೀಂ ಕೋರ್ಟಿನ 2024ರ ಜುಲೈ 30ರ ತೀರ್ಪಿನ ನಂತರ ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿಗಿಂತ ಹೆಚ್ಚಿನ ನೋಂದಣಿ ಶುಲ್ಕ ಪಡೆಯುವಂತಿಲ್ಲ. ನನ್ನಂಥವರಿಗೆ ಅದೊಂದು ದೊಡ್ಡ ಆಸರೆ. ಆಮೇಲೆ ಅಖಿಲ ಭಾರತ ಬಾರ್ ಪರೀಕ್ಷೆ. ಅದೇ ಸೀನಿಯರ್ ಹತ್ತಿರ ಜೂನಿಯರ್ ಆಗಿ ಸೇರುತ್ತೇನೆ. ನ್ಯಾಯಾಧೀಶೆ ಆಗುವ ಆಸೆಯನ್ನು ಬಿಟ್ಟಿಲ್ಲ. ಮೂರು ವರ್ಷ ಕಳೆದ ಮೇಲೂ ಅದು ಉಳಿದಿದ್ದರೆ ಪರೀಕ್ಷೆಗೆ ಕೂರುತ್ತೇನೆ.

ಮೊನ್ನೆ ಅಣ್ಣನ ಜೊತೆಗೂ ಮಾತಾಡಿದೆ. ವಿಭಾಗ ಪತ್ರ ಮಾಡೋಣ, ನನ್ನ ಪಾಲು ನನ್ನ ಹೆಸರಿಗೆ ಬರಲಿ, ಉಳುಮೆ ನಿನ್ನದೇ ಇರಲಿ, ಸಾಲ ತೀರುವವರೆಗೆ ನನ್ನ ಪಾಲಿನ ಬೆಳೆಯಲ್ಲಿ ಒಂದು ಕಾಳೂ ನನಗೆ ಬೇಡ ಎಂದೆ. ಕರಡು ನಾನೇ ಬರೆಯುತ್ತೇನೆ, ಆದರೆ ಇದರಲ್ಲಿ ನನ್ನ ಸ್ವಂತ ಲಾಭವಿದೆ, ಅದಕ್ಕೆ ನನ್ನ ಮಾತನ್ನಷ್ಟೇ ನಂಬಿ ಸಹಿ ಹಾಕಬೇಡ, ಬೇರೆ ವಕೀಲರಿಗೆ ತೋರಿಸು ಎಂದೂ ಹೇಳಿದೆ. "ನಿನ್ನಕಿಂತ ಬ್ಯಾರೆ ವಕೀಲರ ಯಾರದಾರ ನನಗ?" ಎಂದ. ನವಲಗುಂದದ ಇಬ್ಬರು ವಕೀಲರ ಹೆಸರು ಹೇಳಿ, ನಂಬರ್ ಕಳಿಸಿದೆ. ಇಬ್ಬರಲ್ಲಿ ಯಾರ ಬಳಿ ಹೋಗಬೇಕೆಂಬುದನ್ನು ಅವನಿಗೇ ಬಿಟ್ಟಿದ್ದೇನೆ.