ಪದವಿಪತ್ರ ಕಡಲು ದಾಟುವಾಗ

ತಲಪಾಡಿಯ ಗಡಿ ದಾಟಿ ದಕ್ಷಿಣಕ್ಕೆ ಸಾಗಿದರೆ ಮಂಜೇಶ್ವರ, ಉಪ್ಪಳ, ಕುಂಬಳೆ, ಮೊಗ್ರಾಲ್, ಕಾಸರಗೋಡು ಒಂದೊಂದಾಗಿ ಎದುರಾಗುತ್ತವೆ. ಚಂದ್ರಗಿರಿ ಹೊಳೆಯವರೆಗಿನ ಈ ಕರಾವಳಿಯಲ್ಲಿ ತೆಂಗು, ಕಂಗುಗಳ ನಡುವೆ ಎದ್ದು ನಿಂತ ಎಷ್ಟೋ ಮನೆಗಳಿಗೆ ತಳಪಾಯ ಹಾಕಿದ ಹಣ ಅರಬ್ಬೀ ಸಮುದ್ರದ ಆಚೆಯ ದಡದಿಂದ ಬಂದದ್ದು. ಇಲ್ಲಿಯ ಅನೇಕ ಕುಟುಂಬಗಳಿಗೆ ತಿರುವನಂತಪುರಕ್ಕಿಂತ ದುಬೈ, ದೋಹಾ, ಮಸ್ಕತ್ತುಗಳೇ ಹೆಚ್ಚು ಪರಿಚಿತ.

1973ರ ತೈಲ ಬೆಲೆಯೇರಿಕೆಯ ನಂತರ ಕೊಲ್ಲಿಗೆ ಹೊರಟವರು ಮೊದಲು ಮುಂಬಯಿ ಸೇರಿ, ಅಲ್ಲಿ ವೀಸಾಕ್ಕಾಗಿ ಕಾದು ವಿಮಾನ ಏರುತ್ತಿದ್ದರು. ಅವರಲ್ಲಿ ಬಹುಮಂದಿಯ ಬಂಡವಾಳ ಕೈಕಸುಬು ಮತ್ತು ಧೈರ್ಯ. 2006ರಲ್ಲಿ ಮಂಗಳೂರಿನ ಬಜಪೆಯಿಂದ ದುಬೈಗೆ ನೇರ ವಿಮಾನ ಆರಂಭವಾಯಿತು. 2018ರ ಡಿಸೆಂಬರಿನಲ್ಲಿ ಕಣ್ಣೂರಿನ ನಿಲ್ದಾಣ ತೆರೆಯಿತು. ಹಾದಿ ಹತ್ತಿರವಾದರೂ ಅದರ ಬೆಲೆಯನ್ನು ಈ ನಾಡು ಮರೆತಿಲ್ಲ. 2010ರ ಮೇ 22ರ ಮುಂಜಾನೆ ದುಬೈಯಿಂದ ಬಂದ ವಿಮಾನ ಬಜಪೆಯ ಗುಡ್ಡದಂಚಿನಲ್ಲಿ ಉರುಳಿ 158 ಜನ ಮಡಿದರು. ಉಳಿದವರು ಎಂಟೇ ಮಂದಿ. ಅಂದು ಕಾಸರಗೋಡಿನ ಹಲವು ಮನೆಗಳಲ್ಲಿ ದೀಪ ಆರಿತು. ಗುರುತು ಸಿಗದವರನ್ನು ಮಣ್ಣು ಮಾಡಿದ ತಾಣ ಕೂಳೂರು–ತಣ್ಣೀರುಬಾವಿ ರಸ್ತೆಯ ಬದಿಯಲ್ಲಿದೆ.

ಇಂದು ಅದೇ ಹಾದಿಯಲ್ಲಿ ಹೊರಡುವವರ ಕೈಯಲ್ಲಿ ಪದವಿಪತ್ರವಿದೆ. ಆದರೆ ವಿಶ್ವವಿದ್ಯಾನಿಲಯದ ಮುದ್ರೆಯೊಂದೇ ವಿದೇಶದಲ್ಲಿ ಸಾಲದು. ಪತ್ರ ನೀಡಿದ ರಾಜ್ಯದ ಅಧಿಕೃತ ಇಲಾಖೆ ಮೊದಲು ಅದನ್ನು ದೃಢೀಕರಿಸಬೇಕು. ಬಳಿಕ ಕೇಂದ್ರ ವಿದೇಶಾಂಗ ಸಚಿವಾಲಯ. ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳಿಗೆ ಸಚಿವಾಲಯದ ಅಪೊಸ್ಟಿಲ್ ಮುದ್ರೆ ಸಾಕು. ಒಮಾನ್, ಬಹ್ರೇನ್ ಆ ಸಾಲಿನಲ್ಲಿವೆ. 2022ರ ಡಿಸೆಂಬರಿನಿಂದ ಸೌದಿ ಅರೇಬಿಯವೂ ಸೇರಿದೆ. ಯುಎಇ, ಕತಾರ್, ಕುವೈತ್‌ಗಳಿಗಾದರೆ ಆಯಾ ದೇಶದ ರಾಯಭಾರ ಕಚೇರಿಯ ಮುದ್ರೆಯೂ ಬೇಕು.

ಗಡಿನಾಡಿನ ವಿಶೇಷ ತೊಡಕು ಇಲ್ಲಿಯೇ ಇದೆ. ಹತ್ತನೆಯ ತರಗತಿಯ ಪತ್ರ ಕೇರಳದ್ದು. ಪದವಿ ಮಂಗಳೂರಿನಲ್ಲಿ ಪಡೆದದ್ದಾದರೆ ಕರ್ನಾಟಕದ್ದು. ಒಬ್ಬನದೇ ಎರಡು ಪತ್ರಗಳು ಎರಡು ರಾಜ್ಯಗಳ ಬಾಗಿಲು ತಟ್ಟಬೇಕಾಗುತ್ತದೆ. ಕೇರಳದ ಕೆಲಸಕ್ಕೆ ನೋರ್ಕಾ ರೂಟ್ಸ್ ಇದೆ. ಕರ್ನಾಟಕದ ಪತ್ರಕ್ಕೆ ಅಲ್ಲಿಯ ಇಲಾಖೆಯನ್ನೇ ಕಾಣಬೇಕು. ಇದನ್ನರಿಯದೆ ಹೊರಡುವ ದಿನ ನಿಶ್ಚಯಿಸಿದವರು ವಾರಗಟ್ಟಲೆ ಅಲೆಯುತ್ತಾರೆ.

ಕಾನೂನಿನ ಇನ್ನೊಂದು ಸೂಕ್ಷ್ಮವೂ ಇದೆ. ಹತ್ತನೆಯ ತರಗತಿ ತೇರ್ಗಡೆಯಾದವರಿಗೆ ಸಾಮಾನ್ಯವಾಗಿ ವಲಸೆ ಅನುಮತಿ ಬೇಕಿಲ್ಲ. ಇದು ಪದವೀಧರರ ಸೌಲಭ್ಯ; ಅವರ ಅಪಾಯವೂ ಹೌದು. ಅನುಮತಿ ಬೇಕಾದ ಕಾರ್ಮಿಕನ ಉದ್ಯೋಗ ಕರಾರನ್ನು ಸರಕಾರದ ಅಧಿಕಾರಿ ಒಮ್ಮೆಯಾದರೂ ನೋಡುತ್ತಾನೆ. ಪದವೀಧರನ ಕರಾರನ್ನು ಓದುವವರು ಅವನ ಮನೆಯವರಷ್ಟೇ. ಕೊಲ್ಲಿಗೆ ಹೋಗುವ ದಾದಿಯರಿಗೆ ಮಾತ್ರ 2015ರಿಂದ ಪದವಿಯಿದ್ದರೂ ಅನುಮತಿ ಕಡ್ಡಾಯ.

ಆದುದರಿಂದ ಕೇಳಬೇಕಾದ ಪ್ರಶ್ನೆಗಳು ಸರಳ. ಏಜೆಂಟನಿಗೆ ನೋಂದಣಿ ಪತ್ರ ಇದೆಯೇ? ಅದಿಲ್ಲದೆ ನೇಮಕಾತಿ ನಡೆಸುವುದನ್ನು 1983ರ ವಲಸೆ ಕಾಯಿದೆಯ 10ನೆಯ ಕಲಂ ನಿಷೇಧಿಸುತ್ತದೆ. ಕೇಳುವ ಶುಲ್ಕವೆಷ್ಟು? ನಿಯಮದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಕೈಗೆ ಬಂದದ್ದು ಉದ್ಯೋಗ ವೀಸಾವೋ, ಸಂದರ್ಶನ ವೀಸಾವೋ? ‘ಅಲ್ಲಿ ಹೋದ ಮೇಲೆ ಬದಲಿಸೋಣ’ ಎಂಬ ಬಾಯಿಮಾತಿಗೆ ತೋಟ ಅಡವಿಡಬಾರದು. ಪಾಸ್‌ಪೋರ್ಟನ್ನು ಒತ್ತೆಯಾಗಿ ಕೇಳಿದರೆ ನೆನಪಿರಬೇಕಾದದ್ದು 1967ರ ಪಾಸ್‌ಪೋರ್ಟ್ ಕಾಯಿದೆಯ 17ನೆಯ ಕಲಂ: ಪಾಸ್‌ಪೋರ್ಟ್ ಎಂದಿಗೂ ಕೇಂದ್ರ ಸರಕಾರದ ಸ್ವತ್ತು.

ಕನ್ನಡ ಮಾಧ್ಯಮದಲ್ಲಿ ಕಲಿತ ಮಗು ಅಲ್ಲಿ ಹಿಂದುಳಿಯುವುದೇ ಎಂಬ ಅಂಜಿಕೆ ಹೆತ್ತವರಲ್ಲಿದೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಆಡಿ ಬೆಳೆದವನಿಗೆ ಹಲಭಾಷೆಯ ಕಚೇರಿ ಹೊಸತಲ್ಲ. ಇಂಗ್ಲಿಷಿನ ಕೊರತೆಯನ್ನು ಕಾಲೇಜಿನ ವರ್ಷಗಳಲ್ಲಿ ತುಂಬಿಕೊಳ್ಳಬಹುದು.

ತುಂಬಿಕೊಳ್ಳಲು ಕಷ್ಟವಾದದ್ದು ಬೇರೆಯದೇ ಇದೆ: ಹೆಸರಿನ ಅಕ್ಷರ. ಕನ್ನಡದಲ್ಲಿ ಒಂದು ಬಗೆ, ಮಲಯಾಳದ ಕಚೇರಿಯಲ್ಲಿ ಇನ್ನೊಂದು, ಇಂಗ್ಲಿಷಿಗೆ ಇಳಿಸಿದಾಗ ಮತ್ತೊಂದು. ಒಂದು ಪತ್ರದಲ್ಲಿ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಅದರ ವಿಸ್ತಾರ. ಇಪ್ಪತ್ತೆರಡರ ಪ್ರಾಯದಲ್ಲಿ ದೃಢೀಕರಣದ ಮೇಜಿನ ಮುಂದೆ ಅರ್ಜಿ ತಿರುಗಿ ಬರಲು ಅಷ್ಟೇ ಸಾಕು. ಎಸ್‌ಎಸ್‌ಎಲ್‌ಸಿ ಪತ್ರಕ್ಕೆ ಹೋಗುವ ಹೆಸರನ್ನು ಶಾಲೆಯಲ್ಲಿ ಅಂತಿಮಗೊಳಿಸುವ ದಿನವೇ ತಂದೆತಾಯಂದಿರು ಜನನ ಪ್ರಮಾಣಪತ್ರ ಹಿಡಿದು ಹೋಗಿ, ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡುವುದು ಒಳಿತು. ಮುಖ್ಯೋಪಾಧ್ಯಾಯರು ಆ ಹೊತ್ತಿನಲ್ಲಿ ತಿದ್ದಿಕೊಡಬಲ್ಲ ತಪ್ಪಿಗೆ ಮುಂದೆ ಗೆಜೆಟ್ ಪ್ರಕಟಣೆಯವರೆಗೂ ಅಲೆಯಬೇಕಾದೀತು.